ಲೈಬ್ರರಿಯ ಬೇಸಿಗೆ ಓದು ಮತ್ತು ನಮ್ಮ ಖಾಲಿ ಕಪಾಟು: ಅಮೆರಿಕದ ಕನ್ನಡ ಕೂಟಗಳಿಗೆ ಬಹಿರಂಗ ಪತ್ರ

ಇವರಿಗೆ,
ಅಮೆರಿಕದ ಕನ್ನಡ ಕೂಟಗಳ ಅಧ್ಯಕ್ಷರು ಮತ್ತು ಕಾರ್ಯಕಾರಿ ಸಮಿತಿಯವರು,
ಕನ್ನಡ ಕಲಿ ಶಾಲೆಗಳ ಶಿಕ್ಷಕರು ಮತ್ತು ಸ್ವಯಂಸೇವಕರು.

ಮಾನ್ಯರೇ,

ಜೂನ್ ಬಂತೆಂದರೆ ಇಲ್ಲಿನ ಹೆಚ್ಚಿನ ಊರುಗಳ ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಮಕ್ಕಳು ನೋಂದಾಯಿಸಿ, ಓದಿದ್ದರ ಲೆಕ್ಕ ಬರೆದಿಟ್ಟು ಬಹುಮಾನ ಪಡೆಯುವ ಬೇಸಿಗೆ ಓದು ಕಾರ್ಯಕ್ರಮ ಶುರುವಾಗುತ್ತದೆ. ಅದರೊಳಗೆ ಬೇರೆ ಬೇರೆ ದೇಶ, ಭಾಷೆಗಳ ಕುಟುಂಬಗಳಿಗೆಂದು ಒಂದಷ್ಟು ದಿನಗಳನ್ನು ಬಹುಸಂಸ್ಕೃತಿಯ ಹೆಸರಿನಲ್ಲಿ ಎತ್ತಿಡುತ್ತಾರೆ. ನಿಮ್ಮ ಕೂಟಕ್ಕೂ ಕರೆ ಬರುತ್ತದೆ. ಮಕ್ಕಳಿಗೆ ರೇಷ್ಮೆ ಲಂಗ, ಪಂಚೆ ಉಡಿಸಿ ಕರೆತರುತ್ತೀರಿ. ಬಾಗಿಲಲ್ಲಿ ರಂಗೋಲಿ, ಒಳಗೆ ಎರಡು ಕೋಲಾಟ, ಒಂದು ಭರತನಾಟ್ಯ, ಒಂದು ಭಾವಗೀತೆ. ಚಪ್ಪಾಳೆ ಬೀಳುತ್ತದೆ, ಫೋಟೊಗಳು ವಾಟ್ಸ್ಆ್ಯಪ್ ಗುಂಪಿಗೆ ಹೋಗುತ್ತವೆ. ಆ ಒಂದು ಗಂಟೆಯಲ್ಲಿ ಯಾರೂ ಒಂದು ಕನ್ನಡ ಪುಸ್ತಕ ತೆರೆಯುವುದಿಲ್ಲ. ಸಭಾಂಗಣದ ಪಕ್ಕದಲ್ಲೇ ಮಕ್ಕಳ ವಿಭಾಗ. ಅಲ್ಲಿ ಸ್ಪ್ಯಾನಿಷ್, ಚೀನೀ, ಕೆಲವೆಡೆ ಹಿಂದಿ, ತಮಿಳು, ತೆಲುಗು ಪುಸ್ತಕಗಳ ಸಾಲು ಇರುತ್ತದೆ. ಕನ್ನಡದ್ದು ಇರುವುದಿಲ್ಲ, ಇದ್ದರೆ ನಾಲ್ಕೋ ಐದೋ, ಯಾರೂ ಮುಟ್ಟದವು.

ಇದನ್ನು ಬರೆಯುತ್ತಿರುವ ನಾವು ಇಂಥ ಗ್ರಂಥಾಲಯಗಳ ಮಕ್ಕಳ ವಿಭಾಗಗಳಲ್ಲಿ ಸಂಬಳಕ್ಕೋ ಸ್ವಯಂಸೇವೆಗೋ ದುಡಿಯುವ ಕನ್ನಡಿಗರು. ದೂರನ್ನು ಗ್ರಂಥಾಲಯಕ್ಕೆ ಬರೆಯದೆ ನಿಮಗೆ ಬರೆಯಲು ಕಾರಣವಿದೆ. ಕನ್ನಡ ಪುಸ್ತಕ ಕಪಾಟಿಗೆ ಬಾರದಿರುವುದಕ್ಕೆ ಇಲ್ಲಿನವರ ಉದಾಸೀನ ಸ್ವಲ್ಪ ಕಾರಣ, ನಮ್ಮ ಕಡೆಯ ಅಜ್ಞಾನ ಬಹುಪಾಲು ಕಾರಣ. ನೃತ್ಯದ ಬಗ್ಗೆ ನಮಗೆ ತಕರಾರಿಲ್ಲ. ಓದಿನ ಕಾರ್ಯಕ್ರಮಕ್ಕೆ ಬಂದು ಓದನ್ನೇ ಬಿಟ್ಟು ಹೋಗುವುದರ ಬಗ್ಗೆ ಇದೆ.

ಗ್ರಂಥಾಲಯ ಯಾವುದನ್ನು ಲೆಕ್ಕ ಇಡುತ್ತದೆ ಎಂಬುದು ಮೊದಲು ಗೊತ್ತಿರಬೇಕು. ಎಷ್ಟು ಮಕ್ಕಳು ನೋಂದಾಯಿಸಿದರು, ಎಷ್ಟು ನಿಮಿಷ ಅಥವಾ ಎಷ್ಟು ಪುಸ್ತಕ ಓದಿದರು, ಎಷ್ಟು ಮಂದಿ ಕೊನೆ ಮುಟ್ಟಿಸಿದರು, ಯಾವ ಭಾಷೆಯ ಪುಸ್ತಕ ಎಷ್ಟು ಸಲ ಎರವಲು ಹೋಯಿತು. ಮುಂದಿನ ವರ್ಷದ ಪುಸ್ತಕದ ಹಣ ಹಂಚಿಕೆಯಾಗುವುದು ಈ ಅಂಕಿಗಳ ಮೇಲೆ. ನಿಮ್ಮ ಪ್ರದರ್ಶನಕ್ಕೆ ಇನ್ನೂರು ಜನ ಬಂದಿದ್ದರೆ ಅದು ‘ಕಾರ್ಯಕ್ರಮದ ಹಾಜರಿ’ ಎಂಬ ಬೇರೆಯೇ ಕಾಲಮ್ಮಿಗೆ ಹೋಗುತ್ತದೆ. ಅದರಿಂದ ಮುಂದಿನ ವರ್ಷ ಮತ್ತೊಂದು ಪ್ರದರ್ಶನ ಸಿಗಬಹುದೇ ಹೊರತು ಒಂದು ಪುಸ್ತಕ ಸಿಗುವುದಿಲ್ಲ.

ನಮ್ಮ ಸಂಖ್ಯೆ ಅವರಿಗೆ ಜನಗಣತಿಯಿಂದ ತಿಳಿಯುತ್ತದೆ ಎಂದು ಹಲವರು ನಂಬಿದ್ದಾರೆ. ತಿಳಿಯುವುದಿಲ್ಲ. ಮನೆಯಲ್ಲಿ ಆಡುವ ಭಾಷೆ ಯಾವುದು ಎಂದು ಜನಗಣತಿ ಇಲಾಖೆಯ ಅಮೆರಿಕನ್ ಕಮ್ಯುನಿಟಿ ಸರ್ವೆ ಎಂಬ ಸಮೀಕ್ಷೆ ಕೇಳುತ್ತದೆ, ನಿಜ. ಆದರೆ ಅದರಿಂದ ಪ್ರಕಟವಾಗುವ ವಿವರವಾದ ಭಾಷಾ ಕೋಷ್ಟಕದಲ್ಲಿ 2016ರಿಂದೀಚೆಗೆ ತೆಲುಗಿಗೊಂದು ಸಾಲು, ತಮಿಳಿಗೊಂದು ಸಾಲು ಇದೆ. ಕನ್ನಡ ಇರುವುದು ‘ಮಲಯಾಳಂ, ಕನ್ನಡ ಅಥವಾ ಇತರ ದ್ರಾವಿಡ ಭಾಷೆಗಳು’ ಎಂಬ ಒಂದೇ ಸಾಲಿನಲ್ಲಿ. ಪುಸ್ತಕ ಆಯ್ಕೆ ಮಾಡುವವರು ಆ ಸಾಲನ್ನು ನೋಡಿ ಯಾವ ಭಾಷೆಯದ್ದನ್ನು ತರಿಸಬೇಕು? ತೋಚದೆ ಎರಡನ್ನೂ ಬಿಡುತ್ತಾರೆ. ಶಾಲೆಯ ಅಂಕಿಯೂ ನೆರವಿಗೆ ಬಾರದು. ಮಗುವನ್ನು ಸೇರಿಸುವಾಗ ಮನೆಮಾತು ಕೇಳುವ ಅರ್ಜಿಯಲ್ಲಿ, ಕನ್ನಡ ಎಂದು ಬರೆದರೆ ಮಗುವನ್ನು ಇಂಗ್ಲಿಷ್ ಕಲಿಯುವವರ ತರಗತಿಗೆ ಹಾಕಿಬಿಡುತ್ತಾರೆಂದು ಹೆದರಿ ‘ಇಂಗ್ಲಿಷ್’ ಎಂದೇ ಬರೆಯುವ ತಂದೆತಾಯಿ ನಮ್ಮಲ್ಲಿ ಕಡಿಮೆಯಿಲ್ಲ. ಹೀಗಾಗಿ ನಾವು ಎಷ್ಟು ಮಂದಿ ಇದ್ದೇವೆಂದು ತೋರಿಸುವ ಹೊಣೆ ಕೂಟದ ಮೇಲೇ ಬೀಳುತ್ತದೆ. ಸದಸ್ಯರ ಪಟ್ಟಿಯಿಂದ ಆ ಗ್ರಂಥಾಲಯದ ವ್ಯಾಪ್ತಿಯಲ್ಲಿರುವ ಕುಟುಂಬಗಳೆಷ್ಟು, 12 ವರ್ಷದೊಳಗಿನ ಮಕ್ಕಳೆಷ್ಟು, ಅವರಲ್ಲಿ ಲೈಬ್ರರಿ ಕಾರ್ಡ್ ಇರುವವರೆಷ್ಟು ಎಂದು ಒಂದು ಪುಟದಲ್ಲಿ ಬರೆದುಕೊಡಿ. ಹೆಸರು, ವಿಳಾಸ ಬೇಡ, ಸಂಖ್ಯೆ ಸಾಕು. ಅದರ ಜೊತೆಗೆ ‘ಈ ಪುಸ್ತಕ ಖರೀದಿಸಿ’ ಎಂದು ಕೋರುವ ಅರ್ಜಿ ಬಹುತೇಕ ಎಲ್ಲ ಗ್ರಂಥಾಲಯಗಳ ಜಾಲತಾಣದಲ್ಲೂ ಇರುತ್ತದೆ. ಮೂವತ್ತು ಕುಟುಂಬಗಳು ತಲಾ ಎರಡು ಅರ್ಜಿ ಹಾಕಿದರೆ ಅದು ಯಾವ ಭಾಷಣಕ್ಕಿಂತಲೂ ಜೋರಾಗಿ ಕೇಳಿಸುತ್ತದೆ.

ಇನ್ನು ಸಮಯದ ವಿಚಾರ. ನಿಮ್ಮ ಸಮಿತಿಗಳು ಗ್ರಂಥಾಲಯವನ್ನು ನೆನೆಯುವುದು ಯುಗಾದಿ ಕಾರ್ಯಕ್ರಮ ಮುಗಿದ ಮೇಲೆ, ಅಂದರೆ ಏಪ್ರಿಲ್ ಕೊನೆಗೋ ಮೇ ತಿಂಗಳಿಗೋ. ಅಷ್ಟರಲ್ಲಿ ಬೇಸಿಗೆಯ ಕ್ಯಾಲೆಂಡರ್ ಮುದ್ರಣಕ್ಕೆ ಹೋಗಿರುತ್ತದೆ. ಪಂಕ್ತಿ ಎದ್ದ ಮೇಲೆ ಎಲೆ ಹಾಕಿ ಎಂದಂತಾಗುತ್ತದೆ. ಬೇಸಿಗೆ ಓದಿನ ತಯಾರಿ ನಡೆಯುವುದು ಹಿಂದಿನ ಶರತ್ಕಾಲದಲ್ಲಿ. 1987ರಲ್ಲಿ ಮಿನೆಸೋಟದಲ್ಲಿ ಹುಟ್ಟಿದ ಕೊಲಾಬರೇಟಿವ್ ಸಮರ್ ಲೈಬ್ರರಿ ಪ್ರೋಗ್ರಾಂ ಎಂಬ ಒಕ್ಕೂಟ ಪ್ರತಿ ವರ್ಷಕ್ಕೊಂದು ವಿಷಯ ಗೊತ್ತುಮಾಡುತ್ತದೆ. 2023ರದ್ದು ‘ಆಲ್ ಟುಗೆದರ್ ನೌ’, 2025ರದ್ದು ‘ಕಲರ್ ಅವರ್ ವರ್ಲ್ಡ್’. ವಿಷಯ ಬಹಳ ಮುಂಚೆಯೇ ಗೊತ್ತಾಗುವುದರಿಂದ ಮಕ್ಕಳ ಗ್ರಂಥಪಾಲಕರು ಅಕ್ಟೋಬರಿನಿಂದ ಫೆಬ್ರವರಿಯೊಳಗೆ ಕಲಾವಿದರು, ಬಹುಮಾನದ ಪುಸ್ತಕಗಳು, ಕಥಾಸಮಯದ ದಿನಗಳು ಎಲ್ಲವನ್ನೂ ಕಟ್ಟಿಬಿಡುತ್ತಾರೆ. ಹಲವೆಡೆ ಹಣಕಾಸಿನ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಜೂನಿನಲ್ಲಿ ಕಪಾಟಿನಲ್ಲಿ ಇರಬೇಕಾದ ಪುಸ್ತಕಕ್ಕೆ ಚಳಿಗಾಲದಲ್ಲೇ ಆರ್ಡರ್ ಹೋಗಿರಬೇಕು. ಆದ್ದರಿಂದ ರಾಜ್ಯೋತ್ಸವದ ಓಡಾಟಕ್ಕೆ ಮೊದಲೇ, ಅಕ್ಟೋಬರಿನಲ್ಲಿ, ಮಕ್ಕಳ ವಿಭಾಗದ ಮುಖ್ಯಸ್ಥರ ಬಳಿ ಅರ್ಧ ಗಂಟೆ ಕೇಳಿ. ಹೋಗುವಾಗ ಇಬ್ಬರೇ ಹೋಗಿ. ಶಾಲು, ಹಾರ, ಸ್ಮರಣಿಕೆ ಬೇಡ; ಸರ್ಕಾರಿ ನೌಕರರಾದ ಅವರಿಗೆ ಅದು ಮುಜುಗರ.

ಓದಿನ ಲೆಕ್ಕದ ಹಾಳೆ ಅಥವಾ ಆ್ಯಪ್ ಬಗ್ಗೆ ತಂದೆತಾಯಿಯರಲ್ಲಿ ಇರುವ ಒಂದು ತಪ್ಪು ತಿಳಿವಳಿಕೆಯೇ ಅರ್ಧ ಹಾನಿ ಮಾಡಿದೆ. ಇಂಗ್ಲಿಷ್ ಪುಸ್ತಕ ಮಾತ್ರ ಲೆಕ್ಕಕ್ಕೆ ಬರುತ್ತದೆ ಎಂದು ಅವರು ಎಣಿಸುತ್ತಾರೆ. ಸಾಮಾನ್ಯವಾಗಿ ಗ್ರಂಥಾಲಯದ ನಿಯಮ ಹಾಗಿರುವುದಿಲ್ಲ. ಯಾವ ಭಾಷೆಯ ಓದಾದರೂ ನಡೆಯುತ್ತದೆ, ದೊಡ್ಡವರು ಗಟ್ಟಿಯಾಗಿ ಓದಿದ್ದನ್ನು ಮಗು ಕೇಳಿದರೂ ನಡೆಯುತ್ತದೆ, ಆಡಿಯೊ ಪುಸ್ತಕವೂ ನಡೆಯುತ್ತದೆ. ನಿಮ್ಮೂರಿನ ನಿಯಮವನ್ನು ಒಮ್ಮೆ ಕೇಳಿ ಖಚಿತಪಡಿಸಿಕೊಂಡು, ‘ಕನ್ನಡದ ಓದೂ ಎಣಿಕೆಗೆ ಬರುತ್ತದೆ’ ಎಂದು ಕನ್ನಡದಲ್ಲೇ ಒಂದು ಚೀಟಿ ಬರೆದು ಕನ್ನಡ ಕಲಿ ತರಗತಿಯ ಕೊನೆಯ ವಾರ ಪ್ರತಿ ಮನೆಗೂ ಕಳಿಸಿ. ಅಜ್ಜಿ ಶಿವಮೊಗ್ಗದಿಂದ ವಿಡಿಯೊ ಕರೆಯಲ್ಲಿ ಇಪ್ಪತ್ತು ನಿಮಿಷ ಓದಿ ಹೇಳಿದರೆ ಆ ಇಪ್ಪತ್ತು ನಿಮಿಷ ಬರೆಯಬಹುದೇ ಎಂದೂ ಕೇಳಿಡಿ. ನಾವು ಬಲ್ಲ ಕಡೆಗಳಲ್ಲೆಲ್ಲ ಬರೆಯಬಹುದು.

ಆ್ಯಪಿನಲ್ಲಿ ಒಂದು ತೊಡಕಿದೆ. ಬೀನ್‌ಸ್ಟ್ಯಾಕ್‌ನಂಥ ಆ್ಯಪ್‌ಗಳಲ್ಲಿ ಪುಸ್ತಕದ ಐಎಸ್‌ಬಿಎನ್ (ಪ್ರತಿ ಪುಸ್ತಕಕ್ಕೂ ಕೊಡುವ ಗುರುತಿನ ಸಂಖ್ಯೆ) ಬಾರ್‌ಕೋಡನ್ನು ಕ್ಯಾಮೆರಾಕ್ಕೆ ತೋರಿಸಿದರೆ ಹೆಸರು ತಾನೇ ಮೂಡುತ್ತದೆ. ಕನ್ನಡದ ಎಷ್ಟೋ ಮಕ್ಕಳ ಪುಸ್ತಕಗಳಿಗೆ ಐಎಸ್‌ಬಿಎನ್ ಇರುವುದಿಲ್ಲ. ಇದ್ದರೂ ಆ್ಯಪಿನ ದತ್ತಾಂಶದಲ್ಲಿ ಸಿಗುವುದಿಲ್ಲ. ಎರಡು ಸಲ ಸೋತ ಮಗು ಮೂರನೇ ಸಲ ಇಂಗ್ಲಿಷ್ ಪುಸ್ತಕವನ್ನೇ ಎತ್ತಿಕೊಳ್ಳುತ್ತದೆ. ಪುಸ್ತಕ ಎಣಿಸುವ ಸವಾಲಿಗಿಂತ ನಿಮಿಷ ಎಣಿಸುವ ಸವಾಲು ಆರಿಸಿಕೊಂಡರೆ ಹೆಸರು ಹುಡುಕುವ ಗೊಡವೆ ಇಲ್ಲ. ಪುಸ್ತಕವನ್ನೇ ಎಣಿಸುವ ಕಡೆ, ಕೈಯಾರೆ ಟೈಪ್ ಮಾಡುವ ಆಯ್ಕೆ ಇರುತ್ತದೆ. ಹೆಸರನ್ನು ಬರೆದು ಆವರಣದಲ್ಲಿ ‘ಕನ್ನಡ’ ಎಂದು ಸೇರಿಸಲು ಮಕ್ಕಳಿಗೆ ಹೇಳಿಕೊಡಿ. ಬೇಸಿಗೆ ಕಳೆದ ಮೇಲೆ ಗ್ರಂಥಪಾಲಕರು ವರದಿ ತೆಗೆದಾಗ ಆ ಪದ ನೂರು ಸಲ ಕಂಡರೆ ನಿಮ್ಮ ವಾದವನ್ನು ಮಕ್ಕಳೇ ಮಂಡಿಸಿದಂತೆ.

ನಮ್ಮವರದೇ ಆದ ಇನ್ನೊಂದು ಸಮಸ್ಯೆ ಊರಿಗೆ ಹೋಗುವುದು. ಜೂನ್ ಎರಡನೇ ವಾರ ಹೊರಟರೆ ಜುಲೈ ಕೊನೆ ಅಥವಾ ಆಗಸ್ಟ್ ಮೊದಲ ವಾರ ವಾಪಸು. ಕಾರ್ಯಕ್ರಮ ನಡೆಯುವುದೂ ಅದೇ ಎಂಟು ವಾರ. ಹಾಗಾಗಿ ನಮ್ಮ ಮಕ್ಕಳು ನೋಂದಾಯಿಸುವುದೇ ಇಲ್ಲ. ಹೊರಡುವ ಮೊದಲೇ ನೋಂದಣಿ ಮುಗಿಸಿ, ಓದಿದ್ದನ್ನು ಊರಿನಿಂದಲೇ ಆ್ಯಪಿನಲ್ಲಿ ಏರಿಸಬಹುದು. ಬಹುಮಾನ ಪಡೆಯುವ ಕೊನೆಯ ದಿನ ಯಾವುದು, ಒಂದು ವಾರ ಮುಂದೂಡಲು ಸಾಧ್ಯವೇ ಎಂದು ಅಕ್ಟೋಬರಿನ ಆ ಭೇಟಿಯಲ್ಲೇ ಮಾತಾಡಿ. ನಿಜ ನೋಡಿದರೆ ಊರಿನ ಪ್ರಯಾಣ ಅಡ್ಡಿಯಲ್ಲ, ಅನುಕೂಲ. ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಪುಸ್ತಕದಂಗಡಿಗಳಲ್ಲಿ ತೆಳುವಾದ ಮಕ್ಕಳ ಪುಸ್ತಕಗಳು ಇಲ್ಲಿನ ಒಂದು ಕಾಫಿಯ ದುಡ್ಡಿಗೆ ಎರಡು ಮೂರು ಬರುತ್ತವೆ. 23 ಕಿಲೋದ ಎರಡು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಹಪ್ಪಳದ ನಡುವೆ ಹತ್ತು ಪುಸ್ತಕಕ್ಕೆ ಜಾಗವಾಗದೆ? ಆದರೆ ಯಾವ ಹತ್ತು ಎಂಬುದನ್ನು ಕೂಟ ಮೊದಲೇ ಪಟ್ಟಿ ಮಾಡಿ ಹಂಚಬೇಕು. ಇಲ್ಲದಿದ್ದರೆ ಎಲ್ಲರೂ ಅದೇ ನೀತಿಕಥೆಗಳ ಸಂಗ್ರಹವನ್ನೇ ತರುತ್ತಾರೆ.

ಇಲ್ಲಿ ದೇಣಿಗೆಯ ಬಗ್ಗೆ ಸ್ವಲ್ಪ ಕಟುವಾಗಿಯೇ ಹೇಳಬೇಕಾಗಿದೆ. ವರ್ಷಕ್ಕೊಮ್ಮೆ ಯಾರೋ ಒಬ್ಬರು ಮನೆ ಖಾಲಿ ಮಾಡುವಾಗ ಹಳೆಯ ವಾರಪತ್ರಿಕೆ, ಹಳದಿಯಾದ ಕಾದಂಬರಿ, ಮೂರನೇ ತರಗತಿಯ ಪಠ್ಯಪುಸ್ತಕ, ಪಂಚಾಂಗ ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ ಗ್ರಂಥಾಲಯದ ಬಾಗಿಲಿಗೆ ತಂದಿಡುತ್ತಾರೆ. ಕೂಟದ ವರದಿಯಲ್ಲಿ ಅದು ‘ಗ್ರಂಥಾಲಯಕ್ಕೆ 150 ಪುಸ್ತಕಗಳ ಕೊಡುಗೆ’ ಆಗುತ್ತದೆ. ಬಂದದ್ದನ್ನೆಲ್ಲ ಕಪಾಟಿಗೆ ಹಾಕುವ ಬದ್ಧತೆ ಗ್ರಂಥಾಲಯಕ್ಕಿಲ್ಲ. ಹೆಚ್ಚಿನವು ‘ಫ್ರೆಂಡ್ಸ್ ಆಫ್ ದಿ ಲೈಬ್ರರಿ’ ಬಳಗದ ಮಾರಾಟದ ಮೇಜಿಗೆ ಹೋಗುತ್ತವೆ, ಅಲ್ಲಿ ಉಳಿದವು ಮರುಬಳಕೆಯ ತೊಟ್ಟಿಗೆ. ಅಲ್ಲಿನ ಸಿಬ್ಬಂದಿಯಲ್ಲಿ ಕನ್ನಡ ಓದಬಲ್ಲವರು ಇಲ್ಲದಿದ್ದರೆ ಒಳ್ಳೆಯ ಪುಸ್ತಕವೂ ಕೆಟ್ಟದ್ದರ ಜೊತೆಗೇ ಹೋಗುತ್ತದೆ. ಪುಸ್ತಕಕ್ಕಿಂತ ಹಣ ಕೊಡುವುದು ಮೇಲು, ‘ಮಕ್ಕಳ ಕನ್ನಡ ಪುಸ್ತಕಗಳಿಗೆ’ ಎಂದು ಸ್ಪಷ್ಟವಾಗಿ ಬರೆದು. ಗ್ರಂಥಾಲಯದ ಪ್ರತಿಷ್ಠಾನಗಳು ಸಾಮಾನ್ಯವಾಗಿ ತೆರಿಗೆ ವಿನಾಯಿತಿ ಇರುವ ಸಂಸ್ಥೆಗಳಾದ್ದರಿಂದ ನಿಮ್ಮ ಸದಸ್ಯರ ಕಂಪನಿಗಳು ಅಷ್ಟೇ ಮೊತ್ತ ಸೇರಿಸುವ ಅವಕಾಶವೂ ಉಂಟು.

ಹಣ ಕೊಟ್ಟರೆ ಸಾಲದು. ಗ್ರಂಥಾಲಯ ಪುಸ್ತಕ ಕೊಳ್ಳುವುದು ನೋಂದಾಯಿತ ಸರಬರಾಜುದಾರರಿಂದ, ಪರ್ಚೇಸ್ ಆರ್ಡರ್ ಮೂಲಕ. ಬೆಂಗಳೂರಿನ ಗಾಂಧಿನಗರದ ಒಬ್ಬ ಪ್ರಕಾಶಕರಿಗೆ ಇಲ್ಲಿಂದ ನೇರವಾಗಿ ಹಣ ಕಳಿಸುವ ದಾರಿ ಅವರ ಲೆಕ್ಕವಿಭಾಗಕ್ಕೆ ಇರುವುದಿಲ್ಲ. ಭಾರತದ ಪುಸ್ತಕಗಳನ್ನು ವಿದೇಶಿ ಗ್ರಂಥಾಲಯಗಳಿಗೆ ಕಳಿಸುವ ಸರಬರಾಜುದಾರರು ಇದ್ದಾರೆ. ನಿಮ್ಮ ಗ್ರಂಥಾಲಯ ಯಾರಿಂದ ತರಿಸುತ್ತದೆ ಎಂದು ಕೇಳಿ, ಅವರ ಬಳಿ ಸಿಗುವಂಥ ಪಟ್ಟಿ ಮಾಡಿ. ಪಟ್ಟಿಯಲ್ಲಿ ಪ್ರತಿ ಪುಸ್ತಕಕ್ಕೂ ಕನ್ನಡ ಹೆಸರು, ರೋಮನ್ ಲಿಪಿಯಲ್ಲಿ ಅದೇ ಹೆಸರು, ಲೇಖಕರು, ಚಿತ್ರಕಾರರು, ಪ್ರಕಾಶಕರು, ವರ್ಷ, ಐಎಸ್‌ಬಿಎನ್, ಪುಟ, ಬೆಲೆ, ವಯಸ್ಸು, ಇಂಗ್ಲಿಷಿನಲ್ಲಿ ಒಂದು ಸಾಲಿನ ಸಾರಾಂಶ. ಮುನ್ನೂರು ಪುಸ್ತಕದ ಪಟ್ಟಿ ಕೊಟ್ಟರೆ ಅದು ಕಡತ ಸೇರುತ್ತದೆ. ನಲವತ್ತು ಪುಸ್ತಕ, ಎರಡೆರಡು ಪ್ರತಿ ಎಂದರೆ ಕೆಲಸ ನಡೆಯುತ್ತದೆ. ನಲವತ್ತರಲ್ಲಿ ಇಪ್ಪತ್ತೈದಾದರೂ ಆರು ವರ್ಷದೊಳಗಿನವರಿಗೆ, ಪುಟಕ್ಕೆ ಒಂದೆರಡು ಸಾಲಿನವು ಇರಲಿ. ಇಲ್ಲಿ ಬೆಳೆದ ಹತ್ತು ವರ್ಷದ ಮಗು ಕನ್ನಡ ಓದುವುದು ಊರಿನ ಆರರ ಮಗುವಿನ ಮಟ್ಟದಲ್ಲಿ. ಹಿರಿಯರಿಗೆ ಇದು ಬೇಸರದ ಸಂಗತಿ ಇರಬಹುದು, ಆದರೆ ಪಟ್ಟಿ ಮಾಡುವಾಗ ಬೇಸರವನ್ನು ಪಕ್ಕಕ್ಕಿಡಿ.

ಪುಸ್ತಕ ಬಂದಮೇಲೂ ಸಿಕ್ಕಿಹಾಕಿಕೊಳ್ಳುವ ಜಾಗ ಎರಡಿವೆ. ಒಂದು, ಕ್ಯಾಟಲಾಗ್. ಇಂಗ್ಲಿಷ್ ಪುಸ್ತಕದ ದಾಖಲೆಯನ್ನು ವರ್ಲ್ಡ್‌ಕ್ಯಾಟ್ ಎಂಬ ಗ್ರಂಥಾಲಯಗಳ ಜಂಟಿ ಕ್ಯಾಟಲಾಗ್‌ನಿಂದ ಇಳಿಸಿಕೊಂಡರೆ ಮುಗಿಯಿತು. ಅಲ್ಲಿ ಇಲ್ಲದ ಕನ್ನಡ ಪುಸ್ತಕಕ್ಕೆ ಹೊಸದಾಗಿ ದಾಖಲೆ ಬರೆಯಬೇಕು. ಬರೆಯಬಲ್ಲವರು ಇಲ್ಲದೆ ಪುಸ್ತಕಗಳು ತಿಂಗಳುಗಟ್ಟಲೆ ಒಳಕೋಣೆಯ ಟ್ರಾಲಿಯಲ್ಲೇ ಕೂರುತ್ತವೆ. ದಾಖಲೆ ಇದ್ದರೂ ಹುಡುಕುವವರಿಗೆ ಸಿಗದಿರಬಹುದು. ಲೈಬ್ರರಿ ಆಫ್ ಕಾಂಗ್ರೆಸ್ಸಿನ ಲಿಪ್ಯಂತರ ಕ್ರಮದಲ್ಲಿ ‘ಚ’ ಬರೆಯುವುದು ಬರೀ ‘ಸಿ’ಯಿಂದ, ‘ಎಚ್’ ಇಲ್ಲದೆ. ಎಚ್ ಸೇರಿದರೆ ಅದು ‘ಛ’. ‘ಹೂವು’ ಎಂಬುದರಲ್ಲಿ ಇರುವುದು ಮೇಲೆ ಗೆರೆಯ ಒಂದೇ ‘ಯು’, ನಾವು ಮೊಬೈಲಿನಲ್ಲಿ ಟೈಪಿಸುವ ಎರಡು ‘ಓ’ ಅಲ್ಲ. ಚಿಟ್ಟೆಯ ಪುಸ್ತಕ ಹುಡುಕಿದ ತಾಯಿಗೆ ‘ಯಾವುದೂ ಇಲ್ಲ’ ಎಂಬ ಉತ್ತರ ಬರುತ್ತದೆ, ಪುಸ್ತಕ ಹತ್ತಡಿ ದೂರದಲ್ಲಿರುತ್ತದೆ. ಪರಿಹಾರ ದೊಡ್ಡದೇನಲ್ಲ. ಮಾರ್ಕ್ ಎಂಬ, ಗ್ರಂಥಾಲಯಗಳು ಬಳಸುವ ದಾಖಲೆಯ ನಮೂನೆಯಲ್ಲಿ 880ನೇ ಫೀಲ್ಡ್ ಇರುವುದೇ ಮೂಲ ಲಿಪಿಯ ಹೆಸರಿಗೆ. ಅಲ್ಲಿ ಕನ್ನಡದಲ್ಲಿ ಹೆಸರು ತುಂಬಿದರೆ ಕನ್ನಡದಲ್ಲೇ ಟೈಪಿಸಿ ಹುಡುಕಬಹುದು. ಜನ ರೂಢಿಯಲ್ಲಿ ಬರೆಯುವ ರೋಮನ್ ರೂಪವನ್ನು ‘ಇತರ ಹೆಸರು’ ಎಂಬ 246ನೇ ಫೀಲ್ಡಿನಲ್ಲಿ ಸೇರಿಸಲೂ ಬರುತ್ತದೆ. ಕ್ಯಾಟಲಾಗ್ ಬರೆಯುವ ಕೆಲಸವನ್ನು ಸ್ವಯಂಸೇವಕರ ಕೈಗೆ ಅವರು ಕೊಡುವುದಿಲ್ಲ. ಆದರೆ ಮೇಲೆ ಹೇಳಿದ ಪಟ್ಟಿ ಸರಿಯಾಗಿದ್ದರೆ ಸಿಬ್ಬಂದಿಗೆ ಅದನ್ನು ನಕಲಿಸಿ ಅಂಟಿಸುವಷ್ಟೇ ಕೆಲಸ ಉಳಿಯುತ್ತದೆ.

ಎರಡನೆಯದು ಪುಸ್ತಕದ ಮೈಕಟ್ಟು. ನಮ್ಮ ಮಕ್ಕಳ ಪುಸ್ತಕಗಳಲ್ಲಿ ಬಹಳಷ್ಟು 16ರಿಂದ 24 ಪುಟದವು, ನಡುವೆ ಎರಡು ಪಿನ್ನು ಹೊಡೆದವು. ಬೆನ್ನೇ ಇಲ್ಲ. ಕಪಾಟಿನಲ್ಲಿ ನಿಲ್ಲಿಸಿದರೆ ದಪ್ಪ ರಟ್ಟಿನ ಪುಸ್ತಕಗಳ ನಡುವೆ ಮಾಯವಾಗುತ್ತವೆ, ಹೆಸರಿನ ಚೀಟಿ ಅಂಟಿಸಲೂ ಜಾಗವಿಲ್ಲ. ಪಿನ್ನಿಗೆ ತುಕ್ಕು ಹಿಡಿದು ನಡುಹಾಳೆ ಕಳಚಿಕೊಳ್ಳುತ್ತದೆ. ಹೊದಿಕೆಗೆ ಪಾರದರ್ಶಕ ಹಾಳೆ ಅಂಟಿಸಿ, ನಡುವಿನ ಮಡಿಕೆಗೆ ಬಟ್ಟೆಪಟ್ಟಿ ಕೊಟ್ಟರೆ ಆಯುಷ್ಯ ಹೆಚ್ಚುತ್ತದೆ. ನಿಲ್ಲಿಸುವ ಬದಲು ಮುಖ ಕಾಣುವ ಹಾಗೆ ತಗ್ಗಿನ ಬುಟ್ಟಿಯಲ್ಲಿ ಇಡಿಸಿ. ಬುಟ್ಟಿಯ ಮೇಲೆ ‘ಕನ್ನಡ’ ಎಂದು ಎರಡೂ ಲಿಪಿಯಲ್ಲಿ ದೊಡ್ಡದಾಗಿ ಬರೆದ ಫಲಕ ಬೇಕು. ಡ್ಯೂಯಿ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814, ಮೂರು ವರ್ಷದ ಮಗು ಆ ಸಂಖ್ಯೆ ಹುಡುಕಿಕೊಂಡು ಬರುವುದಿಲ್ಲವಲ್ಲ.

ಎರವಲು ಒಯ್ಯದಿದ್ದರೆ ಇಷ್ಟೆಲ್ಲ ಮಾಡಿಯೂ ವ್ಯರ್ಥ. ಕಪಾಟು ಶುಚಿಗೊಳಿಸುವ ಕ್ರಮ ಇಲ್ಲಿ ಕಟ್ಟುನಿಟ್ಟು. ಟೆಕ್ಸಾಸ್ ರಾಜ್ಯ ಗ್ರಂಥಾಲಯದ ‘ಕ್ರೂ’ ಕೈಪಿಡಿಯನ್ನು ದೇಶದಾದ್ಯಂತ ಬಳಸುತ್ತಾರೆ. ಅದರ ಪ್ರಕಾರ ಎರಡು ವರ್ಷ ಯಾರೂ ಒಯ್ಯದ ಮಕ್ಕಳ ಕಥೆಪುಸ್ತಕ ತೆಗೆದುಹಾಕಬಹುದಾದ ಪಟ್ಟಿಗೆ ಬರುತ್ತದೆ. ಯಾರದೂ ದ್ವೇಷವಲ್ಲ, ಎಲ್ಲ ಭಾಷೆಗೂ ಅದೇ ನಿಯಮ. ಆದ್ದರಿಂದ ಕನ್ನಡ ಕಲಿ ತರಗತಿಯ ಪ್ರತಿ ಮಗುವೂ ತಿಂಗಳಿಗೊಂದು ಕನ್ನಡ ಪುಸ್ತಕ ತನ್ನ ಕಾರ್ಡಿನಲ್ಲೇ ಒಯ್ಯಲಿ. ಮನೆಯಲ್ಲಿ ಅದೇ ಪುಸ್ತಕ ಇದ್ದರೂ ಒಯ್ಯಲಿ. ಅಲ್ಲೇ ಕೂತು ಓದಿದ್ದನ್ನು ಮರಳಿ ಕಪಾಟಿಗಿಡದೆ ಮೇಜಿನ ಮೇಲೆ ಅಥವಾ ಅದಕ್ಕೆಂದೇ ಇಟ್ಟ ಟ್ರಾಲಿಯಲ್ಲಿ ಬಿಡಿ. ಒಳಗೇ ಬಳಸಿದ್ದರ ಲೆಕ್ಕ ಇಡುವ ಗ್ರಂಥಾಲಯಗಳಲ್ಲಿ ಸಿಬ್ಬಂದಿ ಅದನ್ನು ಸ್ಕ್ಯಾನ್ ಮಾಡಿ ಒಳಗಿಡುತ್ತಾರೆ. ಶಿಸ್ತಿನ ಹೆಸರಿನಲ್ಲಿ ನೀವೇ ಜೋಡಿಸಿಟ್ಟರೆ ಆ ಓದು ಎಲ್ಲೂ ದಾಖಲಾಗುವುದಿಲ್ಲ.

ಈಗ ವೇದಿಕೆಯ ಆ ಒಂದು ಗಂಟೆಗೆ ಬರೋಣ. ಅದನ್ನು ಎರಡು ಭಾಷೆಯ ಕಥಾಸಮಯವಾಗಿ ಬದಲಿಸಲು ಕೇಳಿದರೆ ಗ್ರಂಥಪಾಲಕರು ಸಂತೋಷದಿಂದ ಒಪ್ಪುತ್ತಾರೆ, ಏಕೆಂದರೆ ಅದು ಅವರ ಕಸುಬಿನದೇ ಭಾಷೆ. ‘ಎವ್ರಿ ಚೈಲ್ಡ್ ರೆಡಿ ಟು ರೀಡ್’ ಎಂಬ ಅವರ ತರಬೇತಿ ಕ್ರಮದಲ್ಲಿ ಮಾತು, ಹಾಡು, ಓದು, ಬರಹ, ಆಟ ಎಂಬ ಐದು ಅಂಗಗಳಿವೆ. ನಿಮ್ಮ ಯೋಜನೆಯನ್ನು ಈ ಐದರಡಿ ಬರೆದು ಕೊಡಿ. ಮೂರರಿಂದ ಆರು ವರ್ಷದವರಿಗೆ ಮೂವತ್ತು ನಿಮಿಷ ಸಾಕು. ಸ್ವಾಗತದ ಹಾಡು, ಮೊದಲ ಪುಸ್ತಕ, ಬೆರಳಾಟದ ಪದ್ಯ, ಎರಡನೇ ಪುಸ್ತಕ, ಕೊನೆಗೆ ಬಣ್ಣ ಅಥವಾ ಕತ್ತರಿಯ ಕೆಲಸ. ಮೂರನೇ ಪುಸ್ತಕಕ್ಕೆ ಆಸೆಪಡಬೇಡಿ, ಹೊತ್ತಿಗೆ ಮುಂಚೆಯೇ ಮಕ್ಕಳು ಎದ್ದಿರುತ್ತಾರೆ.

ಎಲ್ಲರೂ ಎಡವುವುದು ಓದುವ ರೀತಿಯಲ್ಲಿ. ಕನ್ನಡದಲ್ಲಿ ಒಂದು ಸಾಲು, ತಕ್ಷಣ ಇಂಗ್ಲಿಷಿನಲ್ಲಿ ಅದೇ ಸಾಲು ಎಂದು ಓದಿದರೆ ಕಥೆ ಎರಡು ಪಟ್ಟು ಉದ್ದವಾಗುತ್ತದೆ. ಕನ್ನಡ ಬಾರದ ಮಗು ಕನ್ನಡದ ಹೊತ್ತು ಕಿವಿ ಮುಚ್ಚಿಕೊಂಡು ಇಂಗ್ಲಿಷಿಗೆ ಕಾಯುತ್ತದೆ. ಬರುವ ಮಗುವೂ ಬೇಗ ಅದನ್ನೇ ಕಲಿಯುತ್ತದೆ. ಅದರ ಬದಲು ಇಬ್ಬರು ಕೂರಿ. ಒಬ್ಬರು ಚಿತ್ರ ತೋರಿಸುತ್ತ ಇಡೀ ಕಥೆಯನ್ನು ಕನ್ನಡದಲ್ಲೇ ಓದಲಿ, ಇನ್ನೊಬ್ಬರು ಎರಡು ಮೂರು ತಿರುವುಗಳಲ್ಲಿ ಮಾತ್ರ ‘ಈಗ ಏನಾಯಿತು’ ಎಂದು ಇಂಗ್ಲಿಷಿನಲ್ಲಿ ಮಕ್ಕಳನ್ನೇ ಕೇಳಲಿ. ಮತ್ತೆ ಮತ್ತೆ ಬರುವ ಒಂದು ಸಾಲಿರುವ ಕಥೆ ಆರಿಸಿದರೆ ನಾಲ್ಕನೇ ಸಲಕ್ಕೆ ಮೆಕ್ಸಿಕೊದ ಮಗುವೂ ವಿಯೆಟ್ನಾಮಿನ ಮಗುವೂ ಕನ್ನಡದಲ್ಲಿ ಕೂಗುತ್ತಿರುತ್ತವೆ. ಅಂಗೈ ಅಗಲದ ಪುಸ್ತಕ ಹಿಂದಿನ ಸಾಲಿಗೆ ಕಾಣುವುದಿಲ್ಲ, ಪರದೆಗೆ ಹಾಕುವುದಾದರೆ ಪ್ರಕಾಶಕರ ಅನುಮತಿ ಬೇಕು. ಓದುವವರು ಧಾರವಾಡದವರಾದರೆ ಧಾರವಾಡದ ರಾಗದಲ್ಲೇ ಓದಲಿ, ಕುಂದಾಪುರದವರು ತಮ್ಮದರಲ್ಲಿ. ತಿದ್ದುವವರು ಆ ಅರ್ಧ ಗಂಟೆ ಹೊರಗೆ ಕಾಫಿ ಕುಡಿಯಬಹುದು. ಮನೆಯಲ್ಲಿ ತುಳು, ಕೊಂಕಣಿ, ಕೊಡವ, ಬ್ಯಾರಿ, ಉರ್ದು ಆಡುವ ಕರ್ನಾಟಕದ ಕುಟುಂಬಗಳನ್ನೂ ಹೆಸರು ಹಿಡಿದು ಕರೆಯಿರಿ. ಬೆರಳಾಟದ ಪದ್ಯವೊಂದನ್ನು ತುಳುವಿನಲ್ಲಿ ಹೇಳಿಸಿದರೆ ಏನೂ ಕಳೆದುಹೋಗುವುದಿಲ್ಲ.

ಅನುಮತಿಯ ಗೊಡವೆಯಿಲ್ಲದ ಪುಸ್ತಕಗಳೂ ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ತಾಣದ ಕಥೆಗಳು ಸಾಮಾನ್ಯವಾಗಿ ಮುಕ್ತ ಪರವಾನಗಿಯವು. ಇಳಿಸಿಕೊಂಡು ಮುದ್ರಿಸಬಹುದು, ಪರದೆಗೆ ಹಾಕಬಹುದು, ಧ್ವನಿಮುದ್ರಿಸಬಹುದು. ಬರೆದವರು, ಚಿತ್ರಿಸಿದವರು, ಅನುವಾದಿಸಿದವರ ಹೆಸರಿರುವ ಕೊನೆಯ ಪುಟವನ್ನು ಮಾತ್ರ ಕತ್ತರಿಸಬಾರದು. ಓದಿನ ಮಟ್ಟ ಒಂದರಿಂದ ನಾಲ್ಕರವರೆಗೆ ಗುರುತು ಹಾಕಿರುತ್ತಾರೆ. ಇಲ್ಲಿನ ಮಕ್ಕಳಿಗೆ ಒಂದು, ಎರಡು ಸರಿ. ಒಂದೇ ಕಥೆ ಹಲವು ಭಾಷೆಗಳಲ್ಲಿ ಸಿಗುವುದು ಬಹುಸಂಸ್ಕೃತಿಯ ದಿನಕ್ಕೆ ಹೇಳಿಮಾಡಿಸಿದಂತಿದೆ. ಒಂದೇ ಚಿತ್ರಗಳನ್ನು ತೋರಿಸುತ್ತ ಒಬ್ಬ ತಾಯಿ ಕನ್ನಡದಲ್ಲಿ, ಇನ್ನೊಬ್ಬರು ಸ್ಪ್ಯಾನಿಷಿನಲ್ಲಿ, ಮತ್ತೊಬ್ಬರು ತೆಲುಗಿನಲ್ಲಿ ಓದಿದರೆ ಅದಕ್ಕಿಂತ ಒಳ್ಳೆಯ ಮೇಳ ಬೇಕೆ? ಇದಕ್ಕೆ ಬೇಸಿಗೆಯವರೆಗೆ ಕಾಯಬೇಕಾಗಿಯೂ ಇಲ್ಲ. ಪ್ಯಾಟ್ ಮೋರಾ ಎಂಬ ಲೇಖಕಿ 1996ರಲ್ಲಿ ಆರಂಭಿಸಿದ, ಏಪ್ರಿಲ್ 30ರಂದು ಆಚರಿಸುವ ‘ದಿಯಾ’ ಎಂಬ ಮಕ್ಕಳ ಮತ್ತು ಪುಸ್ತಕಗಳ ದಿನ ಇರುವುದೇ ಎಲ್ಲ ಭಾಷೆಗಳ ಕುಟುಂಬಗಳನ್ನು ಓದಿಗೆ ಸೇರಿಸಲು. ಅಂದು ಒಂದು ಸಣ್ಣ ಪ್ರಯೋಗ ಮಾಡಿದರೆ ಜೂನಿಗೆ ಕೈ ಪಳಗಿರುತ್ತದೆ.

ಕನ್ನಡ ಆಡಲು ಬರುತ್ತದೆ, ಓದಲು ಬಾರದು ಎನ್ನುವ ತಂದೆತಾಯಿ ಹಲವರು. ಮುಂಬೈಯಲ್ಲಿ ಬೆಳೆದವರು, ಇಲ್ಲೇ ಹುಟ್ಟಿದವರು. ಒಬ್ಬರದು ಕನ್ನಡ, ಇನ್ನೊಬ್ಬರದು ಪಂಜಾಬಿ ಎನ್ನುವ ಮನೆಗಳೂ ಇವೆ. ಇವರಿಗಾಗಿ ಜಿಪ್ ಇರುವ ಪ್ಲಾಸ್ಟಿಕ್ ಚೀಲಗಳನ್ನು ಸಿದ್ಧಮಾಡಿ ಗ್ರಂಥಾಲಯಕ್ಕೆ ಕೊಡಿ: ಎರಡು ತೆಳು ಪುಸ್ತಕ, ರೋಮನ್ ಲಿಪಿಯಲ್ಲಿ ಪೂರ್ತಿ ಪಾಠ ಬರೆದ ಒಂದು ಹಾಳೆ, ಕಥೆಯನ್ನು ಕೇಳಿಸುವ ಕ್ಯೂಆರ್ ಕೋಡ್. ಬೇಸಿಗೆಗೆಂದು ಬಂದಿರುವ ಅಜ್ಜ ಅಜ್ಜಿಯರಿಂದ ಧ್ವನಿಮುದ್ರಣ ಮಾಡಿಸಬಹುದು, ಮುಕ್ತ ಪರವಾನಗಿಯ ಕಥೆಗಳಿಗೆ ಮಾತ್ರ. ಚೀಲದಲ್ಲಿ ಏನೇನಿದೆ ಎಂಬ ಪಟ್ಟಿಯನ್ನು ಹೊರಗೆ ಅಂಟಿಸಿ. ಮರಳಿ ಬಂದಾಗ ಎಣಿಸುವವರಿಗೆ ಕನ್ನಡ ಬಾರದು.

ಕೆಲವು ನಿಯಮಗಳನ್ನು ಚುಟುಕಾಗಿ ಹೇಳಿಬಿಡುತ್ತೇವೆ, ಇವುಗಳಿಂದಲೇ ಸಂಬಂಧ ಕೆಟ್ಟದ್ದನ್ನು ಕಂಡಿದ್ದೇವೆ. ದೀಪ ಬೆಳಗುವಂತಿಲ್ಲ, ಕಾಗದವೇ ತುಂಬಿರುವ ಕಟ್ಟಡ ಅದು. ರಾಮಾಯಣದ ಕಥೆ ಹೇಳಬಹುದು, ಪೂಜೆ ಮಾಡುವಂತಿಲ್ಲ. ತೆರಿಗೆ ಹಣದಲ್ಲಿ ನಡೆಯುವ ಜಾಗದಲ್ಲಿ ಯಾವ ಧರ್ಮಕ್ಕೂ ಅದು ಒಪ್ಪುವುದಿಲ್ಲ. ಕಡಲೆಕಾಯಿ, ಗೋಡಂಬಿ ಇರುವ ತಿಂಡಿ ಮಕ್ಕಳ ಕಾರ್ಯಕ್ರಮಕ್ಕೆ ತರಬೇಡಿ. ಬೇರೆಯವರ ಮಕ್ಕಳ ಮುಖ ಕಾಣುವ ಫೋಟೊವನ್ನು ಪೋಷಕರ ಒಪ್ಪಿಗೆಯಿಲ್ಲದೆ ಎಲ್ಲೂ ಹಾಕಬೇಡಿ. ಮಕ್ಕಳೊಂದಿಗೆ ಪದೇ ಪದೇ ಕೆಲಸ ಮಾಡುವ ಸ್ವಯಂಸೇವಕರ ಹಿನ್ನೆಲೆ ಪರಿಶೀಲನೆಗೆ ವಾರಗಳೇ ಹಿಡಿಯಬಹುದು, ಅರ್ಜಿ ಮಾರ್ಚಿನಲ್ಲೇ ಹೋಗಲಿ.

ಗ್ರಂಥಾಲಯಗಳ ಕಡೆಯೂ ಲೋಪ ಇಲ್ಲವೆಂದಲ್ಲ. ‘ಭಾರತ’ ಎಂಬ ಒಂದೇ ಮೇಜು ಹಾಕಿ ಅದರ ಮೇಲೆ ಹಿಂದಿ ಪುಸ್ತಕ ಮಾತ್ರ ಜೋಡಿಸುವುದು, ಜುಲೈ ತಿಂಗಳಲ್ಲಿ ದೀಪಾವಳಿಯ ಹಣತೆ ಮಾಡಿಸುವುದು, ಬಹುಸಂಸ್ಕೃತಿ ಎಂದರೆ ತಿಂಡಿ ಮತ್ತು ಕುಣಿತ ಎಂದು ತಾವೇ ತೀರ್ಮಾನಿಸುವುದು, ಇವೆಲ್ಲ ಇವೆ. ಆದರೆ ನ್ಯೂಯಾರ್ಕಿನ ಕ್ವೀನ್ಸ್ ಗ್ರಂಥಾಲಯ ವಲಸಿಗರಿಗೆಂದೇ ಪ್ರತ್ಯೇಕ ಯೋಜನೆ ಆರಂಭಿಸಿದ್ದು 1977ರಲ್ಲಿ. ಕೇಳುವವರು ಪಟ್ಟು ಹಿಡಿದು, ಸರಿಯಾದ ಕಾಗದ ಹಿಡಿದು ಕೇಳಿದರೆ ಕೊಡುವ ಪದ್ಧತಿ ಈ ದೇಶದ ಗ್ರಂಥಾಲಯಗಳಲ್ಲಿ ಹಳೆಯದು. ನಿಮ್ಮ ಊರಿನ ತಮಿಳು, ತೆಲುಗು, ಮಲಯಾಳಂ ಸಂಘಗಳೊಂದಿಗೆ ಸೇರಿ ಕೇಳಿದರೆ ಇನ್ನೂ ಬೇಗ ಆಗುತ್ತದೆ. ಜನಗಣತಿಯ ಕೋಷ್ಟಕ ಹೇಗೂ ಮಲಯಾಳಿಗಳನ್ನೂ ನಮ್ಮನ್ನೂ ಒಂದೇ ಸಾಲಿನಲ್ಲಿ ಕೂರಿಸಿದೆ.

ನಮ್ಮ ಕೋರಿಕೆ ಇಷ್ಟು. ಪ್ರತಿ ಕೂಟದ ಕಾರ್ಯಕಾರಿ ಸಮಿತಿಯಲ್ಲಿ ಸಾಂಸ್ಕೃತಿಕ ಕಾರ್ಯದರ್ಶಿ ಇರುವ ಹಾಗೆ ಗ್ರಂಥಾಲಯ ಸಂಪರ್ಕಕ್ಕೆ ಒಬ್ಬರನ್ನು ನೇಮಿಸಿ, ಕನಿಷ್ಠ ಎರಡು ವರ್ಷದ ಅವಧಿಗೆ. ಪ್ರತಿ ವರ್ಷ ಸಮಿತಿ ಬದಲಾದಂತೆ ಹೊಸಬರು ಮತ್ತೆ ಪರಿ‍ಚಯದಿಂದ ಶುರುಮಾಡುವುದು ಗ್ರಂಥಪಾಲಕರಿಗೆ ಸಾಕಾಗಿಹೋಗಿದೆ. ವಾರ್ಷಿಕ ಬಜೆಟ್ಟಿನಲ್ಲಿ ಧ್ವನಿವರ್ಧಕದ ಬಾಡಿಗೆಗೆ ಎಷ್ಟು ತೆಗೆದಿಡುತ್ತೀರೋ ಅಷ್ಟನ್ನೇ ಮಕ್ಕಳ ಪುಸ್ತಕಕ್ಕೂ ತೆಗೆದಿಡಿ. ನಲವತ್ತು ಪುಸ್ತಕದ ಪಟ್ಟಿಯನ್ನು ಪ್ರತಿ ಕೂಟ ಬೇರೆ ಬೇರೆಯಾಗಿ ಮಾಡಬೇಕಿಲ್ಲ. ಒಂದು ಕೂಟ ಮಾಡಿದ್ದನ್ನು ಇನ್ನೊಂದು ಕೇಳಿ ಪಡೆಯಲಿ. ವಾರ್ಷಿಕ ವರದಿಯಲ್ಲಿ ಪ್ರೇಕ್ಷಕರ ಸಂಖ್ಯೆಯ ಕೆಳಗೆ, ನಿಮ್ಮೂರ ಗ್ರಂಥಾಲಯದಿಂದ ಆ ವರ್ಷ ಎರವಲು ಹೋದ ಕನ್ನಡ ಪುಸ್ತಕಗಳ ಸಂಖ್ಯೆಯನ್ನೂ ಮುದ್ರಿಸಿ. ಕೇಳಿದರೆ ಗ್ರಂಥಾಲಯದವರು ಆ ಅಂಕಿ ತೆಗೆದುಕೊಡುತ್ತಾರೆ. ಮೊದಲ ವರ್ಷ ಅದು ಸೊನ್ನೆ ಇರಬಹುದು. ಸೊನ್ನೆಯನ್ನೂ ಮುದ್ರಿಸಿ.

ಇಂತಿ,
ಗ್ರಂಥಾಲಯಗಳ ಮಕ್ಕಳ ವಿಭಾಗಗಳಲ್ಲಿ ಕೆಲಸ ಮಾಡುವ ಕೆಲವು ಕನ್ನಡಿಗರು